ಚಾರ್ಜ್ ಅಂದ್ರ ಏನು ಅಂತ ಕೇಳಿದ್ಯಲ್ಲ

ಅಲ್ಲ ಮೌನೇಶಿ, ಅದನ್ನ ಹಂಗ ಒಂದ ಮಾತಿನ್ಯಾಗ ಹೇಳಾಕ ಬರಂಗಿಲ್ಲ. ಮೊದ್ಲ ಕುಂದ್ರು ನೀನು, ಬಸ್ ಬಿಡ್ತು. ಕಿಟಕಿ ಕಡೆ ಬರ್ತೀಯೇನು? ಬ್ಯಾಡಾ? ಸರಿ. ಬ್ಯಾಗ್... ಇರ್ಲಿ ಬಿಡು, ನನ್ನ ತೊಡಿ ಮ್ಯಾಲೇ ಇರ್ಲಿ. ಮ್ಯಾಲೆ ಇಡಾಕ ಜಾಗ ಐತಿ, ನನಗೂ ಕಾಣ್ತೈತಿ. ಇರ್ಲಿ ಅಂದೆ.

ಹದಿನಾಕು ವರ್ಷ ಆತು ನಿನ್ನ ನೋಡಿ. ಲಿಂಗಸುಗೂರು ಬಸ್‌ಸ್ಟ್ಯಾಂಡಿನ್ಯಾಗ, ಮಂದಿ ಕಿಟಕಿಯೊಳಗ ಟವೆಲ್ ಒಗದು ಸೀಟು ಹಿಡಿಯೋ ಗದ್ದಲದಾಗ, ಹಿಂದಿಂದ ಯಾರೋ ‘ಶೈಲಜಾ ಮೇಡಂ’ ಅಂದಂಗಾತು. ತಿರುಗಿ ನೋಡಿದ್ರ ನೀನು. ಆರಾಮದೀರೇನ್ರಿ, ಮಕ್ಕಳು ಏನು ಓದ್ತಾರ್ರಿ, ಕೂದಲ ಯಾಕ್ರಿ ಇಷ್ಟು ಬೆಳ್ಳಗಾಗ್ಯಾವ... ಊಹೂಂ. ಒಂದೂ ಇಲ್ಲ. ‘ಮೇಡಂ, ಚಾರ್ಜ್ ಅಂದ್ರ ಏನ್ರಿ?’

ಯಾಕ ನಗ್ತಿ? ನನಗ ಖುಷಿ ಆತು ಖರೇನ. ಮಸ್ಕಿ ಕಾಲೇಜಿನ್ಯಾಗ ಎರಡು ವರ್ಷ ನನ್ನ ಇಂಗ್ಲಿಷ್ ಕ್ಲಾಸಿನ್ಯಾಗ ಹಿಂದಿನ ಬೆಂಚಿಗೆ ಕುಂತು ಬಾಯಿ ಬಿಡಲಾರದಾಕಿ ಈಗ ಬಾಯಿ ಬಿಟ್ಟು ಒಂದು ಪ್ರಶ್ನಿ ಕೇಳ್ಯಾಳ ಅಂದ್ರ ಮಾಸ್ತರಿಕಿ ದಂಡ ಆಗಿಲ್ಲ.

ಕೇಳು ಹಂಗಾರ. ಮಸ್ಕಿ ಬರಾಕ ಇನ್ನ ಮುಕ್ಕಾಲು ತಾಸು ಐತಿ.

ಮೊದಲನೇದು ಅಲ್ಲೇ ಕುಂತೈತಿ ನೋಡು, ಮುಂದಿನ ಸೀಟಿನ್ಯಾಗ. ‘ಚಾರ್ಜ್ ಇಲ್ಲಬೇ, ಇಡ್ತೀನಿ’ ಅಂತ ಮೂರು ಸರ್ತಿ ಅಂದಾಳ, ಇನ್ನಾ ಫೋನ್ ಇಟ್ಟಿಲ್ಲ. ಫೋನಿಗೆ ತುಂಬೋ ಕರೆಂಟು, ಅದು ಚಾರ್ಜ್. ಎರಡನೇದು... ಬರ್ರಿ ಕಂಡಕ್ಟರ್, ಎರಡು. ಈಕಿ ಮಸ್ಕಿ, ನಾ ಸಿಂಧನೂರು. ಹಿಡೀರಿ ಆಧಾರು. ಆ ಫೋಟೋ ನಂದರಿ, ಹಂಗ್ಯಾಕ ನೋಡ್ತೀರಿ, ಆಧಾರಿನ್ಯಾಗ ಯಾರು ಚಂದ ಬಂದಾರ? ...ಇದು ಎರಡನೇದು. ಬಸ್ ಚಾರ್ಜ್. ನಮ್ಮ ಹೆಣ್ಮಕ್ಕಳ ಪಾಲಿಗೆ ಈಗ ಈ ಅರ್ಥ ರದ್ದಾಗೇತಿ, ಸೊನ್ನಿ ಟಿಕೆಟ್ ಒಂದು ಉಳದೈತಿ.

ನಾನಾ? ಸಿಂಧನೂರಾಗ ತಂಗಿ ಅಶ್ವಿನಿ ಮನಿ ಐತಲ್ಲ, ಅಲ್ಲಿಗೆ ಹೊಂಟೀನಿ. ಸುಮ್ನ, ನೋಡಿ ಬರಾಕ.

ಮೂರನೇದು ನಿಂದ. ಸೋಮವಾರ ಪಾಮನಕಲ್ಲೂರು ಪಂಚಾಯ್ತಿ ಲೈಬ್ರರಿ ಚಾರ್ಜ್ ತಗೋಬೇಕು ನೀನು. ಹತ್ತೋವಾಗ ಒಂದ ಉಸಿರಿಗೆ ಹೇಳಿದ್ಯಲ್ಲ, ನೌಕರಿ ಆಗೇತಿ, ಆದ್ರ ಅಪ್ಪ ಬ್ಯಾಡಂತಾನ ಅಂತ. ಏನಂದ್ನಂತ? ‘ನಮ್ಮ ಮನಿ ಮಂದಿಗೆ ಎಣಿಕಿ ದಕ್ಕಂಗಿಲ್ಲ, ಪುಸ್ತಕದ ಚಾರ್ಜ್ ತಗೋಬ್ಯಾಡ.’ ಯಂಕೋಬಣ್ಣ ಹಂಗಂದ್ನಾ? ಖರೇನ?

...ಕಿಟಕಿ ಜರಾ ಹಾಕ್ತೀನಿ ತಡಿ. ಧೂಳು.

ಇದು ಹಾಳಾದ್ದು ಬಿಗಿ ಐತಿ. ಇರ್ಲಿ, ಗಾಳಿನರ ಬರ್ಲಿ.

ನಾಲ್ಕನೇದು ಲಾಠಿ ಚಾರ್ಜ್. ಅದು ನಿನಗ ಗೊತ್ತ ಐತಿ. ಐದನೇದು ಬಂದೂಕಿಂದು. ಹಳೇ ಕಾಲದಾಗ ನಳಗಿಯೊಳಗ ಮದ್ದು ಹಾಕಿ ಜಡೀತಿದ್ರು, ಒಂದು ಸರ್ತಿಗೆ ಹಿಡಿಯೋವಷ್ಟು ಮದ್ದಿಗೂ ಚಾರ್ಜ್ ಅಂತಿದ್ರು. ಈಗ ನೀ ಕೇಳ್ತಿ, ಮೇಡಂ, ಫೋನಿಗೂ ಬಂದೂಕಿಗೂ ಬಸ್ಸಿಗೂ ಎತ್ತಣ ಸಂಬಂಧ ಅಂತ. ಕೇಳು, ಕೇಳು ಮತ್ತ. ಕೇಳಂಗಿಲ್ಲ? ನಾನ ಹೇಳ್ತೀನಿ.

ಎಲ್ಲದರ ಬುಡದಾಗ ಒಂದು ಬಂಡಿ ಐತಿ. ಖರೇ ಹೇಳಾಕತ್ತೀನಿ, ನಮ್ಮ ಬಂಡಿ ಇರ್ತೈತಲ್ಲ, ಸಜ್ಜಿ ಹೇರಕೊಂಡು ಬರೋದು, ಅಂಥಾದ್ದು. ಲ್ಯಾಟಿನ್ ಭಾಷಾದಾಗ ಬಂಡಿಗೆ ‘ಕಾರುಸ್’ ಅಂತಿದ್ರು. ಅವರದೂ ಸ್ವಂತದ್ದಲ್ಲ, ಬಾಜೂಕಿನ ಮಂದಿ ಕಡಿಂದ ಎತ್ತಿದ್ದು. ಆ ಬಂಡಿ ಮ್ಯಾಲೆ ಹೇರೋದು ಅನ್ನೋ ಮಾತು ಫ್ರೆಂಚಿನವರ ಬಾಯಾಗ ತಿರುಗಿ ತಿರುಗಿ ಇಂಗ್ಲಿಷಿಗೆ ಬರೋವತ್ತಿಗೆ ಚಾರ್ಜ್ ಆತು. ಅಷ್ಟ. ಹೇರೋದು. ಬಂದೂಕಿಗೆ ಮದ್ದು ಹೇರು, ಬ್ಯಾಟರಿಗೆ ಕರೆಂಟು ಹೇರು, ಗಿರಾಕಿ ಮ್ಯಾಲೆ ಬೆಲಿ ಹೇರು, ನಿನ್ನ ಮ್ಯಾಲೆ ಲೈಬ್ರರಿ ಹೇರು. ಕಾರು, ಕಾರ್ಗೋ, ಕ್ಯಾರಿ, ಎಲ್ಲಾ ಒಂದ ಮನಿ ಕೂಸು. ಮೂಗು ದೊಡ್ಡದು ಮಾಡಿ ಮಂದಿ ಚಿತ್ರ ಬರೀತಾರಲ್ಲ, ಕ್ಯಾರಿಕೇಚರ್, ಅದೂ ಇದ ಬಂಡಿಯಿಂದ ಇಳದದ್ದು, ಮಾರಿ ಮ್ಯಾಲೆ ತಡಕೊಳ್ಳಲಾರದಷ್ಟು ಹೇರೋದು ಅಂತ. ಒಂದು ಶಬ್ದಕ್ಕ ಎರಡು ಕಾಲಂ ಅರ್ಥ. ಎರಡು ನೂರಾ ಆರನೇ ಪುಟ, ಎಡಗಡಿ, ನಡುವ ಒಂದು ಎಣ್ಣಿ ಕಲಿ...

ಏನು? ಪುಟ ಹ್ಯಾಂಗ ನೆನಪೈತಿ ಅಂತೀಯಾ?

ಪಾಠ ಮಾಡೋರಿಗೆ ನೆನಪಿರ್ತೈತವ್ವ. ಎಲ್ಲಾ ಡಿಕ್ಷನರಿ ಹೆಚ್ಚೂಕಮ್ಮಿ ಒಂದ. ಎಣ್ಣಿ ಕಲಿ ಅಂದೆನಾ? ನನ್ನ ಮನಿ ಪುಸ್ತಕದಾಗ ಐತಿ, ಅದನ್ನ ಅಂದೆ. ಮಿರ್ಚಿ ತಿನ್ಕೋತ ಓದೋ ಚಟ ನನಗ.

ಯಾಕ ಬೆರಳು ಮಡಚಿ ಕುಂತಿ? ಐದು ಆದ್ವು, ಹೌದು. ನಿಮ್ಮಪ್ಪನ ಮಗಳು ನೀನು. ಎಣಸಲಾರದ ಬಿಡಂಗಿಲ್ಲ.

ಯಂಕೋಬಣ್ಣನ ಡಬ್ಬಿ ನೆನಪದಾವೇನು ನಿನಗ? ನೀ ಆಗ ಫಸ್ಟ್ ಇಯರ್. ಲೈಬ್ರೇರಿಯನ್ ಪೋಸ್ಟು ಖಾಲಿ, ಸಂಸ್ಥೆಯವರು ತುಂಬಲಿಲ್ಲ, ಅಟೆಂಡರ್ ಇದ್ದ ನಿಮ್ಮಪ್ಪನ ಕೊಳ್ಳಿಗೆ ಸಾವಿರದ ನಾನೂರು ಪುಸ್ತಕ ಕಟ್ಟಿದ್ರು. ಅವಗ ಕನ್ನಡ ಅಷ್ಟಕ್ಕಷ್ಟ, ಇಂಗ್ಲಿಷ್ ಅಂತೂ ಇಲ್ಲೇ ಇಲ್ಲ. ಏನ ಮಾಡ್ದ? ಪುಸ್ತಕಕ್ಕೊಂದು ಹುಣಸಿ ಬೀಜ. ಎರಡು ಸೇರು ಬೀಜ ತಂದು ಕಪಾಟಿಗೊಂದು ಗಡಿಗಿ ಇಟ್ಟ. ಯಾರರ ಪುಸ್ತಕ ಒಯ್ದ್ರ ಗಡಿಗ್ಯಾಗಿಂದ ಒಂದು ಬೀಜ ತಗದು ಅವರವರ ಡಬ್ಬಿಗೆ ಹಾಕ್ತಿದ್ದ. ಪೌಡರ್ ಡಬ್ಬಿ, ಝಂಡು ಬಾಮಿನ ಡಬ್ಬಿ. ಹೆಸರು ಬರದಿದ್ದಿಲ್ಲ, ಬಣ್ಣದ ದಾರ ಸುತ್ತಿದ್ದ. ಕನ್ನಡದ ಕನಕರಾಜ ಸರ್‌ಗೆ ಕೆಂಪು. ನನಗ ಹಸರು. ವಾಪಸ್ ತಂದ್ರ ಬೀಜ ವಾಪಸ್ ಗಡಿಗಿಗೆ. ಒಂದು ದಿನ ಒಂದು ಬೀಜ ಅತ್ತಿತ್ತ ಆಗಿದ್ದಿಲ್ಲ. ನಾವು ಕಲಿತವರು ರಿಜಿಸ್ಟರಿನ್ಯಾಗ ಬರಿಯೋದು ಮರೀತಿದ್ವಿ, ಅವ ಬೀಜ ಹಾಕೋದು ಮರೀತಿದ್ದಿಲ್ಲ.

ಈಗೂ ಎಣಸ್ತಾನಾ? ಏನು ಎಣಸ್ತಾನ?

...ಚಮಚ.

ಚಮಚ, ಅಂಗಿ ಗುಂಡಿ, ಬಾಗಲಾಗಿನ ಚಪ್ಪಲಿ. ಎರಡೆರಡು ಸರ್ತಿ. ಮತ್ತ ನಿಮ್ಮವ್ವ ತಿಮ್ಮವ್ವನ್ನ ಕರದು ‘ನೀ ಎಣಸು’ ಅಂತಾನಾ. ತನ್ನ ಎಣಿಕಿ ಮ್ಯಾಲೆ ತನಗ ಭರೋಸ ಇಲ್ಲಂತ.

ವಯಸ್ಸಾತಲ್ಲ, ಮೌನೇಶಿ. ವಯಸ್ಸಾದವರು ಹಂಗ ಮಾಡ್ತಾರ. ಎಷ್ಟೀಗ, ಎಪ್ಪತ್ತಾ? ...ಅರವತ್ತಾರು. ಹೂಂ.

ನೋಡು ತೊಗರಿ ಎಷ್ಟು ಛಲೋ ಬಂದೈತಿ ಈ ಸಲ. ಸಿಂಧನೂರು ದಾಟಿದ್ರ ಬರೇ ಭತ್ತ ನೋಡಿ ನೋಡಿ ಕಣ್ಣು ಹಸರಾಗ್ತಾವ. ಕಣ್ಣಂದ್ರ ನೆನಪಾತು, ಅಲ್ಲಿ ಕಣ್ಣಿನ ದವಾಖಾನಿಗೂ ಹೋಗೂದೈತಿ ಇವತ್ತು, ಅದಕ್ಕ ಹೊಂಟಿದ್ದು. ಆಗ ತಂಗಿ ಮನಿ ಅಂದೆನಾ? ಎರಡೂ. ಎರಡೂ ಐತಿ.

ಅಯ್ಯ, ಹೊಂಡ. ಮೊಣಕಾಲಿಗೆ ಬಡೀತೇನು? ರೊಟ್ಟಿ ಡಬ್ಬಿ ಅದು, ಅಂಚು ಚೂಪದಾವ. ಖಟಿ ರೊಟ್ಟಿ ತಂಗಿ ಮನಿ ಮಂದಿಗೆ. ಬ್ಯಾಡ, ಬ್ಯಾಡ. ನಾನ ಹಿಡಕೊಂತೀನಿ. ಮುಟ್ಟಬ್ಯಾಡ ಅಂದೆ ಹೌದಲ್ಲ?

...ಹಂಗ ದನಿ ಏರಿಸಬಾರದಿತ್ತು ನಾನು. ತಲಿ ನೋವು ಮುಂಜಾನಿಂದ.

ನೀ ಲಿಂಗಸುಗೂರಿಗೆ ಯಾಕ ಬಂದಿದ್ದಿ? ಹೇಳೇ ಇಲ್ಲಲ್ಲ. ನಮ್ಮ ಕಾಲೇಜಿಗೆ? ನನ್ನ ಹುಡಿಕ್ಯಾಂಡು? ಅಲ್ಲಿ ಮೆಹರಬಾನು ಹೇಳಿದ್ಲೇನು, ಮೇಡಂ ಈಗರ ಬಸ್‌ಸ್ಟ್ಯಾಂಡಿಗೆ ಹ್ವಾದ್ರು ಅಂತ? ಆಕಿಗೆ ಆಫೀಸಿನ್ಯಾಗ ಅದೊಂದ ಕೆಲಸ. ಮತ್ತ ಅಕಸ್ಮಾತ್ ಸಿಕ್ಕಂಗ ಮಾಡಿದ್ಯಲ್ಲ.

ಏನದು? ಪ್ಲಾಸ್ಟಿಕ್ ಕವರಿನ್ಯಾಗ... ನಿಮ್ಮಪ್ಪನ ಟ್ರಂಕಿನಾಗ ಸಿಕ್ಕಿತಾ?

ಕೊಡು ಇಲ್ಲಿ. ಇರ್ಲಿ, ನೀನ ಹಿಡಕೋ, ನಾ ದೂರದಿಂದ ನೋಡ್ತೀನಿ. ಅಕ್ಷರ? ಹೌದು, ನನ್ನವ. ನಾ ಬರದುಕೊಟ್ಟಿದ್ದ. ಸಂಸ್ಥೆಯವರು ಒಂದು ನೋಟಿಸ್ ಕೊಟ್ಟಿದ್ರು ನಿಮ್ಮಪ್ಪಗ, ಇಂಗ್ಲಿಷಿನ್ಯಾಗ. ಅವರಿಗೆ ಸಿಟ್ಟು ಬಂದಾಗ ಅಷ್ಟ ಇಂಗ್ಲಿಷ್ ಬರ್ತಿತ್ತು. ನಾ ಆಗ ಲಿಂಗಸುಗೂರಿನ ಕಾಲೇಜಿಗೆ ಸೇರಿ ಒಂದು ತಿಂಗಳಾಗಿತ್ತು. ಯಂಕೋಬಣ್ಣ ನೋಟಿಸ್ ತಗೊಂಡು ಬಸ್ ಹತ್ತಿ ನನ್ನ ಮನಿಗೆ ಬಂದ, ‘ಉತ್ತರ ಬರದುಕೊಡ್ರಿ ಮೇಡಂ, ನಮಗ ಇಂಗ್ಲಿಷ್ ಬಲ್ಲವರು ಅಂದ್ರ ನೀವ’ ಅಂದ. ಬರದುಕೊಟ್ಟೆ. ನಿಮ್ಮಪ್ಪನ ಪರವಾಗಿ ಬರದೀನಿ. ನಿಯತ್ತಿನ ಮನುಷ್ಯ, ಇಪ್ಪತ್ತು ವರ್ಷ ದುಡದಾನ ಅಂತ ಬರದೀನಿ. ಛಲೋ ಇಂಗ್ಲಿಷ್ ಅದು.

ಇಷ್ಟು ವರ್ಷ ಇಟ್ಕೊಂಡಾನ? ಯಾಕ? ...ಏನಂತಾನ? ‘ಮೇಡಂ ಕೈಲೇ ಬರದದ್ದು’ ಅಂತ.

ಹಂಗ ನೋಡಬ್ಯಾಡ ಮೌನೇಶಿ.

ಆರನೇ ಅರ್ಥ ಇನ್ನೂ ಬಾಕಿ ಐತಿ, ಹೌದು. ನಿನ್ನ ಹೆಬ್ಬೆರಳು ಕಾಣಾಕತ್ತೈತಿ ನನಗ, ಬ್ಯಾರೆ ಕೈದು, ಮಡಚಾಕ ತಯ್ಯಾರಾಗಿ. ಆರೋಪ. ಚಾರ್ಜ್ ಅಂದ್ರ ಆರೋಪ. ನಿನ್ನ ಕೈಯಾಗಿನ ಕಾಗದದಾಗ ಇರೋದು ಆ ಅರ್ಥ. ಸಾಕಾ? ನಿನ್ನ ಪ್ರಶ್ನಿಗೆ ಉತ್ತರ ಸಿಕ್ತಾ?

ತಡಿ. ತಡಿ ಒಂದು ನಿಮಿಷ.

ನಿನಗ ಇಂಗ್ಲಿಷ್ ಬರ್ತೈತಿ. ನಿನಗ ಇಂಗ್ಲಿಷ್ ಕಲಿಸಿದಾಕಿ ನಾನು. ಡಿಗ್ರಿ ಮುಗಿಸೀದಿ, ಲೈಬ್ರರಿ ಕೋರ್ಸು ಮಾಡೀದಿ, ಈ ಕಾಗದ ಓದಾಕ ನಾನ್ಯಾಕ ಬೇಕು ನಿನಗ? ಓದೇ ಬಂದೀದಿ. ಅರ್ಥ ಕೇಳಾಕ ನೀ ಬರಲಿಲ್ಲ.



ಸರಿ. ನಾನ ಹೇಳ್ತೀನಿ. ನಿಯತ್ತಿನ ಮನುಷ್ಯ ಅಂತ ಅದ್ರಾಗ ಎಲ್ಲೂ ಇಲ್ಲ. ‘ನನ್ನ ನಿರ್ಲಕ್ಷ್ಯದಿಂದ ದೊಡ್ಡ ಡಿಕ್ಷನರಿ ಕಳೆದಿದೆ, ನನ್ನ ಮೇಲಿನ ಚಾರ್ಜ್ ಒಪ್ಪಿಕೊಂಡಿದ್ದೇನೆ, ದಯವಿಟ್ಟು ಕ್ಷಮಿಸಿ’. ಇಷ್ಟ ಐತಿ. ನಾಕು ಸಾಲು. ಒಪ್ಪಿಕೊಂಡ್ರ ನೌಕರಿ ಉಳೀತೈತಿ ಅಂತ ಹಂಗ ಬರದೆ. ಉಳೀತು ಹೌದಿಲ್ಲ? ಲೈಬ್ರರಿಯಿಂದ ತಗದು ಗೇಟಿಗೆ ಹಾಕಿದ್ರು, ಆದ್ರ ನೌಕರಿ ಉಳೀತು. ಅವನ ಒಳ್ಳೇದಕ್ಕ... ಹೂಂ. ಈ ಮಾತು ನನಗ ಹೊಲಸು ಕೇಳಸ್ತೈತಿ.

ಆಗಿದ್ದು ಹೇಳ್ತೀನಿ. ಲಿಂಗಸುಗೂರಿನ ನೌಕರಿಗೆ ಸೇರಬೇಕಂದ್ರ ಮಸ್ಕಿ ಕಾಲೇಜಿನ ನೋ ಡ್ಯೂ ಸರ್ಟಿಫಿಕೇಟ್ ಬೇಕು. ಲೈಬ್ರರಿದು, ಆಫೀಸಿಂದು, ಕ್ರೀಡಾದ್ದು, ಎಲ್ಲಾ ಕಡೆ ಸಹಿ. ಆ ಡಿಕ್ಷನರಿ ನಾ ಎರಡು ದಿನಕ್ಕಂತ ಒಯ್ದಿದ್ದೆ. ರಿಜಿಸ್ಟರಿನ್ಯಾಗ ಬರೀಲಿಲ್ಲ. ನಿಮ್ಮೂರಾಗ ಗುಡ್ಡದ ಕಲ್ಲಿನ ಮ್ಯಾಲೆ ಒಬ್ಬ ರಾಜ ತನ್ನ ಹೆಸರು ಸಮೇತ ಕೊರಸಿ ಹೋಗ್ಯಾನ, ನನಗ ಒಂದು ರಿಜಿಸ್ಟರಿನ್ಯಾಗ ಪೆನ್ನು ಹಿಡಿಯೋವಷ್ಟು ಪುರಸೊತ್ತಿದ್ದಿಲ್ಲ. ಯಂಕೋಬಣ್ಣ ಬೀಜ ಹಾಕಿದ, ಹಸರು ದಾರದ ಡಬ್ಬಿಗೆ. ಸಹಿಗೆ ಹೋದ ದಿನ ಕೇಳಿದ, ‘ಮೇಡಂ, ನಿಮ್ಮ ಡಬ್ಬ್ಯಾಗ ಒಂದು ಐತ್ರಿ’. ನಾ ಅಂದೆ, ‘ನಿನ್ನೆ ತಂದು ಕಪಾಟಿನ್ಯಾಗ ಇಟ್ಟೀನಿ ಯಂಕೋಬಣ್ಣ, ನೀ ಚಾ ಕುಡ್ಯಾಕ ಹೋಗಿದ್ದಿ.’ ಸಂಜಿಗೆ ತಂದಿಟ್ರಾತು ಅಂತ ಇತ್ತು ಮನಸಿನ್ಯಾಗ. ಅವ ಎದ್ದು ನೋಡ್ಲಿಲ್ಲ. ಕಪಾಟು ಅಲ್ಲೇ, ನಾಕು ಹೆಜ್ಜಿ. ‘ನೀವು ಅಂದ ಮ್ಯಾಲೆ ಮುಗೀತ್ರಿ, ಬೀಜ ಆಮ್ಯಾಲೆ ತಗೀತೀನಿ’ ಅಂತ ಸಹಿ ಮಾಡಿಕೊಟ್ಟ. ಸಂಜೀಮುಂದ ಟೆಂಪೋ ಬಂತು, ಸಾಮಾನು ಹೇರಿದ್ರು, ಹೊಂಟು ಬಂದ್ವಿ.

ಮುಂದಿನ ತಿಂಗಳು ಹೊಸಾ ಲೈಬ್ರೇರಿಯನ್ ಬಂದ. ಚಾರ್ಜ್ ಪಟ್ಟಿ ಹಿಡದು ಒಂದೊಂದ ಪುಸ್ತಕ ಟಿಕ್ ಹಾಕ್ಕೋತ ಕುಂತ. ಡಿಕ್ಷನರಿ ಇಲ್ಲ. ನಿಮ್ಮಪ್ಪ ಹಸರು ಡಬ್ಬಿ ತಂದು ಟೇಬಲ್ ಮ್ಯಾಲೆ ಇಟ್ನಂತ, ‘ಶೈಲಜಾ ಮೇಡಂ ಡಬ್ಬ್ಯಾಗ ಬೀಜ ಐತ್ರಿ’ ಅಂತ. ಪ್ರಿನ್ಸಿಪಾಲರು ನನಗ ಫೋನ್ ಹಚ್ಚಿದ್ರು. ನಗಾಕತ್ತಿದ್ರು ಅವರು. ‘ನಿಮ್ಮ ಮ್ಯಾಲೆ ಹುಣಸಿ ಬೀಜ ಸಾಕ್ಷಿ ಹೇಳಾಕತ್ತೈತಿ ನೋಡ್ರಿ’ ಅಂದ್ರು.

ನಾನೂ ನಕ್ಕೆ.

ಅದನ್ನ ಯಾರ ಮುಂದೂ ಹೇಳಿಲ್ಲ ಇವತ್ತಿನವರಿಗೆ. ನಕ್ಕು, ‘ನಾ ಕೊಟ್ಟೀನಿ ಸರ್, ನೋ ಡ್ಯೂ ಮ್ಯಾಲೆ ಅವನದೇ ಸಹಿ ಐತಿ’ ಅಂದೆ. ಸಹಿ ಇತ್ತು. ಬೀಜಕ್ಕಿಂತ ಸಹಿ ದೊಡ್ಡದಲ್ಲ? ಹೊಸಾ ನೌಕರಿ, ಇನ್ನೂ ಪರ್ಮನೆಂಟ್ ಆಗಿದ್ದಿಲ್ಲ. ಇಂಥಾದ್ದೊಂದು ಬಾಯಿಂದ ಬಾಯಿಗೆ ಹೋದ್ರ... ಅಂಜಿಕಿ ಬಂತು. ಇದು ಕಾರಣ ಅಲ್ಲ. ಗೊತ್ತೈತಿ, ಅಲ್ಲ.

ಮನಿಗೆ ಬಂದಾಗ ಅವ ಜಗಳಕ್ಕ ಬಂದಿದ್ದಿಲ್ಲ. ಕುಂದ್ರಾಕ ಕುರ್ಚಿ ಇದ್ದಿಲ್ಲ ಇನ್ನ, ಸಾಮಾನು ಪೂರ್ತಿ ಬಿಚ್ಚಿದ್ದಿಲ್ಲ. ‘ಅಲ್ಲೇ ಟ್ರಂಕಿನ ಮ್ಯಾಲೆ ಕುಂದ್ರು ಯಂಕೋಬಣ್ಣ’ ಅಂದೆ. ಕುಂತ. ಚಾ ಕೊಟ್ಟೆ. ‘ಮೇಡಂ, ನೀವು ಕೊಟ್ಟೀರಲ್ರಿ?’ ಒಂದ ಸರ್ತಿ ಕೇಳಿದ. ‘ಕೊಟ್ಟೀನಲ್ಲ’ ಅಂದೆ. ಚಾದ ಬಟ್ಟಲ ಕೆಳಗಿಟ್ಟ. ಆಮ್ಯಾಲೆ ಅಂದ, ‘ಹಂಗಾರ ನನ್ನ ಎಣಿಕೀನ ತಪ್ಪೈತ್ರಿ. ಬೀಜ ತಪ್ಪಿ ಬಿದ್ದೈತಿ ನಿಮ್ಮ ಡಬ್ಬ್ಯಾಗ.’ ನಾ ಪೆನ್ನು ತಗೊಂಡು ಅದನ್ನೇ ಇಂಗ್ಲಿಷಿನ್ಯಾಗ ಬರದೆ. ಹೋಗೋವಾಗ ಕೈ ಮುಗದ.

ಅವ ಕುಂತಿದ್ದ ಟ್ರಂಕಿನ್ಯಾಗ ಏನಿತ್ತು ಅಂತ ನೀ ಕೇಳವಲ್ಲಿ.

ಕೇಳಬಾರದ?

ಮಸ್ಕಿ ಗುಡ್ಡ ಕಾಣಾಕತ್ತು. ನಿಂದ ಸ್ಟಾಪು ಬಂತು.

ತಂಗಿ ಮನಿ ಇಲ್ಲ. ಕಣ್ಣಿನ ದವಾಖಾನಿ ಇಲ್ಲ. ರೊಟ್ಟಿ ಇಲ್ಲ ಇದ್ರಾಗ, ಆ ಡಿಕ್ಷನರಿ ಐತಿ. ಸಿಂಧನೂರಿನ ಲೈಬ್ರರಿಗೆ ಕೊಟ್ಟು ಬರಾಕ ಹೊಂಟಿದ್ದೆ. ‘ದಾನಿಗಳಿಂದ’ ಅಂತ ತಗೊಂತಾರ ಅವರು, ಯಾರ ಏನಂತ ಕೇಳಂಗಿಲ್ಲ. ಮಸ್ಕಿ ಕಾಲೇಜಿನ ಸಿಕ್ಕಾ ಒತ್ತಿದ್ದ ಹಾಳಿ ಹರದೀನಿ. ಹೋದ ವಾರ ಮನಿ ಬದಲಿ ಮಾಡೋವಾಗ ಮಗಳು ಎತ್ತಾಕ ಹೋಗಿ, ‘ಮಮ್ಮಿ, ಇದೇನು ಇಷ್ಟು ವಜ್ಜಿ’ ಅಂದ್ಲು. ಮನ್ಯಾಗ ಇಟ್ಕೊಳ್ಳೋದು ಆಗವಲ್ದಾತು. ಮಸ್ಕಿ ದಾಟಿ ಹೋಗೋ ಬಸ್ಸಿನ್ಯಾಗ, ಮಸ್ಕಿಯೊಳಗ ಇಳೀದಂಗ... ಇದ್ರಾಗೂ ಲೆಕ್ಕಾಚಾರ ಹಾಕಿದ್ದೆ ನೋಡು.

ಏನರ ಅನ್ನು. ಬೈ. ಕೈಯರ ಮಾಡು.

...ಎದ್ದು ನಿಂತಿ.

ಮನಿಗೆ ಬರ್ರಿ ಅಂತ ಅನವಲ್ಲಿ. ಬರಬ್ಯಾಡ್ರಿ ಅಂತಲೂ ಅನವಲ್ಲಿ. ಕಾಗದ ಮಡಚಿ ಕವರಿನ್ಯಾಗ ಇಟ್ಟಿ. ಅವನ ಮುಂದ ಅದನ್ನ ಕನ್ನಡದಾಗ ಯಾರು ಓದಬೇಕು ಮೌನೇಶಿ, ನೀನಾ? ಹದಿನಾಕು ವರ್ಷ ಜ್ವಾಪಾನ ಮಾಡಿದ ಕಾಗದದಾಗ ಏನೈತಿ ಅಂತ ನೀ ಹ್ಯಾಂಗ ಹೇಳ್ತಿ? ಸೋಮವಾರಕ್ಕ ಇನ್ನ ಎರಡ ದಿನ. ಅವ ಹೂಂ ಅನ್ನದ ನೀ ಪಟ್ಟಿಗೆ ಸಹಿ ಮಾಡಂಗಿಲ್ಲ, ನಿನ್ನ ಮಾರಿ ನೋಡಿದ್ರ ಗೊತ್ತಾಗ್ತೈತಿ.

ಹಸರು ದಾರದ ಡಬ್ಬಿ... ಐತೇನು ಇನ್ನ? ಒಗದಿರಬೇಕು.

ಒಗದಿಲ್ಲ.

ಬೀಜ?

...ಕಂಡಕ್ಟರ್, ಹೋಲ್ಡಾನ್. ತಡೀರಿ ಜರಾ, ಇಬ್ಬರದೀವಿ ಇಳಿಯೋರು. ಸಿಂಧನೂರಿನ ಟಿಕೆಟ್ ಗೊತ್ತೈತ್ರಿ, ನಾ ಇಲ್ಲೇ ಇಳೀತೀನಿ. ಸರೀರಿ ಯಜಮಾನ್ರ, ಕಾಲು ತಗೀರಿ.

ಬ್ಯಾಡ. ನೀ ಹಿಡೀಬ್ಯಾಡ ಅದನ್ನ. ಬಾಗಲ ತನಕ ನಾನ ಹೊರತೀನಿ. ನೀ ಮುಂದ ನಡಿ, ನಿಮ್ಮ ಮನಿ ಓಣಿ ಮರತೀನಿ ನಾನು.